ಕಣ್ಕಟ್ಟಿನ ಗುಟ್ಟು

ಮ್ಯಾಜಿಕ್‌ಗೆ ಕನ್ನಡದಲ್ಲಿ ಪದಗಳ ಬರ ಇಲ್ಲ. ಗಾರುಡಿ, ಇಂದ್ರಜಾಲ, ಕೈಚಳಕ, ಕಣ್ಕಟ್ಟು. ಗಾರುಡಿ ಅನ್ನೋದರಲ್ಲಿ ಗರುಡ ಇದ್ದಾನೆ, ಹಾವಿನ ವಿಷ ಇಳಿಸುವ ಮಂತ್ರ ಇದೆ. ಇಂದ್ರಜಾಲದಲ್ಲಿ ಸಾಕ್ಷಾತ್ ಇಂದ್ರನೇ ಇದ್ದಾನೆ. ಕೈಚಳಕ, ಕಣ್ಕಟ್ಟು ಅಂದಾಗ ಮಾತ್ರ ಮಂತ್ರವೂ ಇಲ್ಲ, ದೇವರೂ ಇಲ್ಲ. ಒಬ್ಬನ ಕೈ, ಇನ್ನೊಬ್ಬನ ಕಣ್ಣು, ಅಷ್ಟೇ. ದೇವದುರ್ಗ ತಾಲ್ಲೂಕಿನ ನಮ್ಮ ಮಸರಕಲ್‌ನಲ್ಲಿ ಗಾರುಡಿಯವನು ಬಂದಾಗ ಮಕ್ಕಳು ಹೆದರಿದರೆ ಹಿರಿಯರು ಹೇಳುತ್ತಿದ್ದದ್ದೂ ಅದೇ: “ಅಂಜಬ್ಯಾಡೋ, ಕಣ್ಕಟ್ಟು ಅದು.”

ಆದರೆ ಕಣ್ಣು ಕಟ್ಟುವುದು ಹೇಗೆ ಅಂತ ಯಾರೂ ಹೇಳುತ್ತಿರಲಿಲ್ಲ. ಗಾರುಡಿಗರ ಮನೆಗಳಲ್ಲಿ ಈ ವಿದ್ಯೆ ಅಪ್ಪನಿಂದ ಮಗನಿಗೆ ಕೈಯಿಂದ ಕೈಗೆ ಬಂದದ್ದು. ಗುಟ್ಟೇ ಅವರ ಅನ್ನ.

ಗುಟ್ಟು ತಿಳಿದರೆ ಮಜಾ ಹೋಗುತ್ತದೆ ಅನ್ನೋ ಮಾತೂ ಹಳೆಯದು. ಸುಮಾರು 2000 ವರ್ಷಗಳ ಹಿಂದೆ ರೋಮ್‌ನ ತತ್ವಜ್ಞಾನಿ ಸೆನೆಕ, ಬಟ್ಟಲು ಮತ್ತು ಹರಳುಗಳ ಆಟದ ಬಗ್ಗೆ ಗೆಳೆಯನಿಗೆ ಬರೆದ ಪತ್ರದಲ್ಲಿ ಇದನ್ನೇ ಹೇಳಿದ. ನಮ್ಮ ಬೀದಿ ಗಾರುಡಿಗರು ಆಡುತ್ತಿದ್ದ ಬಟ್ಟಲು-ಗೋಲಿ ಆಟವೂ ಅದೇ ಜಾತಿಯದು.

1584ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಉಲ್ಟಾ ದಾರಿ ಹಿಡಿದ. ಮಾಟಗಾತಿಯರೆಂದು ಹೆಂಗಸರನ್ನು ಗಲ್ಲಿಗೇರಿಸುತ್ತಿದ್ದ ಕಾಲ ಅದು. ಆ ನಂಬಿಕೆಯನ್ನು ಪ್ರಶ್ನಿಸಿ ಬರೆದ ಪುಸ್ತಕದಲ್ಲಿ ಅವನು ನಾಣ್ಯ, ಗೋಲಿ, ಇಸ್ಪೀಟೆಲೆಗಳ ಚಮತ್ಕಾರ ಮಾಡುವ ಬಗೆಯನ್ನೂ ಬಿಡಿಸಿಟ್ಟ. ನಮ್ಮಲ್ಲಿ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭೌತವಿಜ್ಞಾನಿ ಎಚ್. ನರಸಿಂಹಯ್ಯ ಪವಾಡ, ಮೂಢನಂಬಿಕೆಗಳ ಪರೀಕ್ಷೆಗೆ ಸಮಿತಿಯನ್ನೇ ಮಾಡಿದರು. ಹೇಗೆ ಅಂತ ಕೇಳುವ ಹಕ್ಕು ಎಲ್ಲರಿಗೂ ಇದೆ ಅನ್ನೋದು ಇಬ್ಬರ ಕೆಲಸದಲ್ಲೂ ಕಾಣುತ್ತದೆ.

ಸೆನೆಕನ ಮಾತು ದೊಡ್ಡವರಿಗೆ ಸರಿಯಿರಬಹುದು. ಆರು ವರ್ಷದ ನನ್ನ ಮಗಳಿಗೆ ಅದು ಹೊಂದುವುದಿಲ್ಲ.

ಅವಳಿಗೆ ಕಲಿಸಿದ್ದು ಎಲ್ಲಕ್ಕಿಂತ ಸರಳವಾದದ್ದು. ಎಡಗೈ ಬೆರಳ ತುದಿಯಲ್ಲಿ ಒಂದು ರೂಪಾಯಿ ನಾಣ್ಯ. ಬಲಗೈ ಅದನ್ನು ತಗೊಂಡ ಹಾಗೆ ಮುಚ್ಚಿಕೊಳ್ಳುತ್ತದೆ. ಆ ಮರೆಯಲ್ಲಿ ನಾಣ್ಯ ಎಡ ಅಂಗೈಗೇ ಜಾರುತ್ತದೆ. ಖಾಲಿ ಬಲಗೈ ಪಕ್ಕಕ್ಕೆ ಸರಿಯುತ್ತದೆ. ನಿಜವಾದ ಕೆಲಸ ಬೆರಳಿನದಲ್ಲ, ಕಣ್ಣಿನದು. ಖಾಲಿ ಕೈಯನ್ನು ನೀನು ನೋಡಿದರೆ ಎದುರಿನವರೂ ಅದನ್ನೇ ನೋಡುತ್ತಾರೆ. “ನೀನs ನಂಬಬೇಕವಾ, ನಾಣ್ಯ ಬಲಗೈಯಾಗ ಐತಿ ಅಂತ,” ಅಂದೆ.

ಆಫೀಸಿನ ಕಾಲ್ ಮುಗಿಸಿ ದಿನಾ ಹತ್ತು ನಿಮಿಷ ಕೂತೆವು. ಒಂದು ವಾರ ನಾಣ್ಯ ನೆಲಕ್ಕೆ ಬೀಳುತ್ತಲೇ ಇತ್ತು. ಆ ಹತ್ತು ನಿಮಿಷ ನನ್ನ ಫೋನ್ ಎಲ್ಲಿತ್ತೋ ನೆನಪಿಲ್ಲ. ಊರಿಂದ ಬಂದ ನಮ್ಮವ್ವನ ಮುಂದೆ ಅವಳು ಕಡೆಗೂ ಮಾಡಿ ತೋರಿಸಿದಾಗ, ಅವ್ವ ಬಲಗೈ ಬಿಡಿಸಿ ನೋಡಿ ಬೆರಗಾದಳು. “ಹೆಂಗ ಮಾಡಿದ್ಯೇ?” ಮಗಳು ನನ್ನ ಕಡೆ ನೋಡಿದಳು, ಹೇಳಲಾ ಅಂತ ಕಣ್ಣಲ್ಲೇ ಕೇಳುತ್ತಾ.

ಈಗ ಯಾರು ಯಾವ ಚಮತ್ಕಾರ ತೋರಿಸಿದರೂ ಅವಳು ನೋಡುವುದು ಇನ್ನೊಂದು ಕೈಯನ್ನು.