ಐದು ವರ್ಷ ತುಂಬುವ ಮೊದಲೇ ಮುಪ್ಪು

ಭೋಪಾಲ ಎಂದರೆ ನಮಗೆ ನೆನಪಾಗುವುದು ಒಂದೇ ರಾತ್ರಿ, 1984ರ ಡಿಸೆಂಬರ್ 2ರ ನಡುರಾತ್ರಿ. ಕೈಗಾರಿಕೆಗಳ ಚರಿತ್ರೆಯನ್ನು ಅಭ್ಯಾಸ ಮಾಡುತ್ತಿರುವ ನನಗೆ ಆ ರಾತ್ರಿಗಿಂತ ಅದರ ಹಿಂದಿನ ತಿಂಗಳುಗಳೇ ಹೆಚ್ಚು ಕಾಡುತ್ತವೆ. ಯಂತ್ರಗಳು ಹಳತಾಗಿ ಕೆಟ್ಟವು ಎನ್ನುವ ವಿವರಣೆ ಇಲ್ಲಿ ಸಾಲದು. ಭೋಪಾಲದಲ್ಲಿ ಮೀಥೈಲ್ ಐಸೋಸಯನೇಟ್, ಅಂದರೆ ಎಂಐಸಿ, ತಯಾರಾಗತೊಡಗಿದ್ದೇ 1980ರಲ್ಲಿ. ಐದು ವರ್ಷ ತುಂಬುವ ಮೊದಲೇ ಆ ಘಟಕಕ್ಕೆ ಮುಪ್ಪು ಬಂದದ್ದು ಹೇಗೆ?

ಯೂನಿಯನ್ ಕಾರ್ಬೈಡ್ ಇಂಡಿಯಾ ಕಂಪನಿ ಅಲ್ಲಿ ಎಂಐಸಿ ಬಳಸಿ ಸೆವಿನ್ ಎಂಬ ಕೀಟನಾಶಕ ಮಾಡುತ್ತಿತ್ತು. ಎಂಐಸಿ ಸುಮಾರು 39 ಡಿಗ್ರಿಗೇ ಕುದಿಯುವ ದ್ರವ. ನೀರು ಸೇರಿದರೆ ಕಾವೇರುತ್ತದೆ, ಕಾವೇರಿದಷ್ಟೂ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ಹಾಗಾಗಿ ಅದಕ್ಕೆ ಒಂದರ ಹಿಂದೊಂದು ಕಾವಲು ಇಟ್ಟಿದ್ದರು. ಟ್ಯಾಂಕನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿಡಲು ಶೈತ್ಯಯಂತ್ರ. ಅನಿಲ ಹೊರಟರೆ ಕಾಸ್ಟಿಕ್ ಸೋಡಾದಲ್ಲಿ ತೊಳೆಯಲು ಸ್ಕ್ರಬ್ಬರ್. ಉಳಿದದ್ದನ್ನು ಸುಡಲು ಜ್ವಾಲಾಗೋಪುರ. ಕೊನೆಗೆ ನೀರಿನ ತೆರೆ.

ಒಂದೊಂದೇ ಕಾವಲುಗಾರನನ್ನು ಮನೆಗೆ ಕಳಿಸಿದ ಕಥೆ ಮುಂದಿನದು. ಜೂನ್ 1984ರಲ್ಲಿ ಶೈತ್ಯಯಂತ್ರ ನಿಲ್ಲಿಸಿದರು. ಅಕ್ಟೋಬರಿನಲ್ಲಿ ಎಂಐಸಿ ಉತ್ಪಾದನೆ ನಿಂತಾಗ ಸ್ಕ್ರಬ್ಬರನ್ನೂ ಸುಮ್ಮನಿರಿಸಿದರು. ಜ್ವಾಲಾಗೋಪುರಕ್ಕೆ ಹೋಗುವ ಕೊಳವೆಯ ಒಂದು ತುಂಡು ತುಕ್ಕು ಹಿಡಿದಿತ್ತು; ಅದನ್ನು ಬಿಚ್ಚಿದರು, ಹೊಸದು ಬರಲಿಲ್ಲ. ನೀರಿನ ತೆರೆ ಅನಿಲ ಹೊರಬೀಳುವಷ್ಟು ಎತ್ತರಕ್ಕೆ ಚಿಮ್ಮುತ್ತಲೇ ಇರಲಿಲ್ಲ. ಇತ್ತ 610ನೆಯ ಟ್ಯಾಂಕಿನಲ್ಲಿ 40 ಟನ್ನಿಗೂ ಹೆಚ್ಚು ಎಂಐಸಿ ಕೂತಿತ್ತು.

ಇವುಗಳಲ್ಲಿ ಯಾವುದೂ ಗುಟ್ಟಾಗಿ ನಡೆದದ್ದಲ್ಲ. ಬರಗಾಲದ ವರ್ಷಗಳಲ್ಲಿ ಕೀಟನಾಶಕ ಕೊಳ್ಳುವವರು ಕಡಿಮೆಯಾಗಿದ್ದರು, ಕಾರ್ಖಾನೆ ನಷ್ಟದಲ್ಲಿತ್ತು. ಎಂಐಸಿ ಘಟಕದ ಪಾಳಿಯಲ್ಲಿದ್ದ 12 ಜನ 6 ಆದರು. ರಾತ್ರಿ ಪಾಳಿಯ ನಿರ್ವಹಣಾ ಮೇಲ್ವಿಚಾರಕನ ಹುದ್ದೆಯೂ ಹೋಯಿತು. ಪ್ರತಿಯೊಂದು ನಿರ್ಧಾರಕ್ಕೂ ಲೆಕ್ಕಪತ್ರದಲ್ಲಿ ಒಂದು ಕಾರಣ ಸಿಗುತ್ತದೆ. ಸುರಕ್ಷತೆಯ ಯಂತ್ರ ಏನನ್ನೂ ಉತ್ಪಾದಿಸುವುದಿಲ್ಲ. ಅದು ಚೆನ್ನಾಗಿ ಕೆಲಸ ಮಾಡಿದ ದಿನ ಏನೂ ಆಗುವುದಿಲ್ಲ. ಏನೂ ಆಗದಿರುವುದಕ್ಕೆ ಹಣ ಸುರಿಯುವುದು ಖರ್ಚು ಕಡಿಮೆ ಮಾಡಹೊರಟವರ ಕಣ್ಣಿಗೆ ದಂಡವಾಗಿಯೇ ಕಾಣುತ್ತದೆ.

ಯಂತ್ರದ ಜೊತೆಗೆ ನಂಬಿಕೆಯೂ ತುಕ್ಕು ಹಿಡಿಯುತ್ತದೆ. ಆ ರಾತ್ರಿ ಟ್ಯಾಂಕಿನ ಒತ್ತಡ ಏರಿದ್ದನ್ನು ಮಾಪಕ ತೋರಿಸಿತ್ತು. ಆದರೆ ಅಲ್ಲಿನ ಮಾಪಕಗಳು ಎಷ್ಟೋ ಸಲ ತಪ್ಪು ತೋರಿಸಿದ್ದವು. ಕಣ್ಣು ಉರಿದರೆ ಸೋರಿಕೆ ಎಂದು ತಿಳಿಯುವುದೇ ಕಾರ್ಮಿಕರಿಗೆ ರೂಢಿಯಾಗಿತ್ತು. ಮಾಪಕ ನಿಜ ಹೇಳಿದಾಗ ಅದನ್ನು ನಂಬಲು ಯಾರಿಗೂ ಕಾರಣವಿರಲಿಲ್ಲ. ನೀರು ಒಳಹೊಕ್ಕದ್ದು ಹೇಗೆಂಬ ಬಗ್ಗೆ ಕಂಪನಿಯದೊಂದು ಮಾತು, ಕಾರ್ಮಿಕರದೊಂದು ಮಾತು. ಯಾರ ಮಾತು ನಿಜವಾದರೂ, ಹೊಕ್ಕ ಮೇಲೆ ತಡೆಯಬೇಕಿದ್ದ ಕಾವಲು ಅಲ್ಲಿರಲಿಲ್ಲ. ಮಧ್ಯಪ್ರದೇಶ ಸರ್ಕಾರ ಒಪ್ಪಿಕೊಂಡ ಸಾವುಗಳೇ 3,787. ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದೆಂದು ಬದುಕುಳಿದವರು ಇಂದಿಗೂ ಹೇಳುತ್ತಾರೆ.

ಮುನ್ಸೂಚನೆಗಳಿಗೂ ಕೊರತೆಯಿರಲಿಲ್ಲ. 1981ರ ಡಿಸೆಂಬರಿನಲ್ಲಿ ಫಾಸ್ಜೀನ್ ಸೋರಿ ಕಾರ್ಮಿಕನೊಬ್ಬ ಸತ್ತ. 1982ರಲ್ಲಿ ಪತ್ರಕರ್ತ ರಾಜ್‌ಕುಮಾರ್ ಕೇಸ್ವಾನಿ ತಮ್ಮ ಪುಟ್ಟ ಹಿಂದಿ ವಾರಪತ್ರಿಕೆಯಲ್ಲಿ ಊರಿಗೆ ಒದಗಲಿರುವ ಅಪಾಯವನ್ನು ಬರೆದರು. ಕಾನೂನು ಬಂದದ್ದು ಆಮೇಲೆ: 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಉದ್ಯಮಗಳ ಬಗ್ಗೆ ಹೊಸ ಅಧ್ಯಾಯ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು ನಿಜ, ಬಾಗಿಲಾದರೂ ಬಂತಲ್ಲ ಎನ್ನಬಹುದು. ಆದರೆ ಬಾಗಿಲ ಕೀಲಿಗೆ ಎಣ್ಣೆ ಹಾಕುವವರು ದಿನವೂ ಬೇಕು.

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಹೊರಬಿದ್ದು 12 ಜನ ಸತ್ತರು. ಲಾಕ್‌ಡೌನಿನಲ್ಲಿ ಸುಮ್ಮನೆ ನಿಂತಿದ್ದ ಹಳೆಯ ಟ್ಯಾಂಕಿನೊಳಗೆ ಕಾವು ಏರಿತ್ತು. ಕಾವೇರಿದ್ದು ಟ್ಯಾಂಕಿನ ಮೇಲ್ಭಾಗದಲ್ಲಿ. ಉಷ್ಣಮಾಪಕ ಇದ್ದದ್ದು ತಳದಲ್ಲಿ.