ಜೆಲ್ಲಿಮೀನಿನ ಚಿತ್ರ ಬರೆದವರು



ಗುಳೇದಗುಡ್ಡದ ಖಣವನ್ನು ನೀವು ನೋಡಿರುತ್ತೀರಿ. ಒಂದೇ ಪುಟ್ಟ ಬುಟ್ಟಾ ಬಟ್ಟೆಯ ತುಂಬ ಸಾಲುಸಾಲಾಗಿ, ತಪ್ಪದೆ ಮರಳಿ ಬರುತ್ತದೆ. ಪ್ರಾಣಿಶಾಸ್ತ್ರದ ಪುಸ್ತಕದಲ್ಲಿರುವ ಅರೇಲಿಯ ಎಂಬ ಜೆಲ್ಲಿಮೀನಿನ ಚಿತ್ರವೂ ಹಾಗೆಯೇ. ನಡುವೆ ಬಾಯಿ, ಅದರ ಸುತ್ತ ನಾಲ್ಕು ತೋಳು, ಕುದುರೆ ಲಾಳದಂತಹ ನಾಲ್ಕು ಜನನಾಂಗ, ಅಂಚಿನವರೆಗೆ ಹರಡಿದ ನಾಳಗಳು. ಕಾಲುಭಾಗ ಬರೆದರೆ ಉಳಿದ ಮುಕ್ಕಾಲನ್ನು ನೋಡದೆಯೇ ಬರೆಯಬಹುದು. ಆದರೆ ಜೀವಂತ ಪ್ರಾಣಿ ಮಗ್ಗದ ಲೆಕ್ಕಕ್ಕೆ ಸಿಗುತ್ತದೆಯೇ?

ಹೆಸರಿನಲ್ಲಿ ಮೀನಿದ್ದರೂ ಇದು ಮೀನಲ್ಲ. ಇದಕ್ಕೆ ಮೂಳೆಯೇ ಇಲ್ಲ. ದೇಹದಲ್ಲಿ ಶೇಕಡ 95ರಷ್ಟು ನೀರು. ದಡಕ್ಕೆ ತೆಗೆದರೆ ಕುಸಿದು ಲೋಳೆಯಾಗುತ್ತದೆ. ದ್ರಾವಣದಲ್ಲಿಟ್ಟರೆ ಬಣ್ಣ ಮಾಸುತ್ತದೆ, ಆಕಾರ ಮುದುಡುತ್ತದೆ. ಆದ್ದರಿಂದ 19ನೆಯ ಶತಮಾನದ ವಿಜ್ಞಾನಿಗಳಿಗೆ ಅದರ ಅಂಗರಚನೆಯನ್ನು ಉಳಿಸಿಕೊಳ್ಳಲು ಚಿತ್ರವೇ ದೊಡ್ಡ ಆಸರೆಯಾಯಿತು.

ಇದರಲ್ಲಿ ಹೆಸರಾದವರು ಜರ್ಮನಿಯ ಯೇನಾ ವಿಶ್ವವಿದ್ಯಾಲಯದ ಅರ್ನ್ಸ್ಟ್ ಹೆಕೆಲ್ (1834–1919). ಜೆಲ್ಲಿಮೀನುಗಳ ವರ್ಗೀಕರಣ ಕುರಿತ ಅವರ ದೊಡ್ಡ ಗ್ರಂಥ ಬಂದದ್ದು 1879ರಲ್ಲಿ. 1881ರಲ್ಲಿ ಸಿಂಹಳಕ್ಕೆ ಹೋಗುವಾಗ ಅವರು ಮುಂಬಯಿಯನ್ನೂ ನೋಡಿ ಹೋದರು. 1899ರಿಂದ 1904ರವರೆಗೆ ಕಂತುಗಳಲ್ಲಿ ಹೊರಬಂದ ಅವರ ಇನ್ನೊಂದು ಪುಸ್ತಕದಲ್ಲಿ 100 ಚಿತ್ರಫಲಕಗಳಿವೆ. ಅವರ ರೇಖಾಚಿತ್ರಗಳನ್ನು ಕಲ್ಲಚ್ಚಿಗೆ ಇಳಿಸಿದವರು ಅಡಾಲ್ಫ್ ಗಿಲ್ಟ್ಷ್ ಎಂಬ ಕುಶಲಕರ್ಮಿ. ತೀರಿಹೋದ ಪತ್ನಿ ಅನ್ನಾ ಸೇಥೆಯ ಹೆಸರನ್ನು ಹೆಕೆಲ್ ಇಟ್ಟ ಜೆಲ್ಲಿಮೀನೂ ಅದರಲ್ಲಿದೆ.

ಆ ಫಲಕಗಳು ಕಣ್ಣಿಗೆ ಹಬ್ಬ. ತೊಡಕಿರುವುದೂ ಅಲ್ಲಿಯೇ. ಅವುಗಳಲ್ಲಿ ಎಲ್ಲವೂ ಅಳೆದಿಟ್ಟಂತೆ ಸಮ. ಕಡಲಿನ ಅರೇಲಿಯ ಹಾಗಿರಲೇಬೇಕೆಂದಿಲ್ಲ. ಕೆಲವಕ್ಕೆ ನಾಲ್ಕರ ಬದಲು ಮೂರು, ಐದು ಅಥವಾ ಆರು ಜನನಾಂಗಗಳಿರುತ್ತವೆ. 1868ರ ಒಂದು ಪುಸ್ತಕದಲ್ಲಿ ಹೆಕೆಲ್ ನಾಯಿ, ಕೋಳಿ, ಆಮೆಗಳ ಭ್ರೂಣಗಳೆಂದು ಒಂದೇ ಅಚ್ಚನ್ನು ಮೂರು ಸಲ ಬಳಸಿ ಟೀಕೆಗೆ ಗುರಿಯಾದರು. ಮುಂದಿನ ಆವೃತ್ತಿಯಲ್ಲಿ ತಿದ್ದಿಕೊಂಡರು. ಹೀಗೆಯೇ ಇರಬೇಕು ಎಂಬ ನಂಬಿಕೆ ಬಲವಾದಾಗ, ಹೇಗಿದೆ ಎಂದು ನೋಡುವ ಕಣ್ಣು ಮಂಕಾಗುತ್ತದೆ.

ಇದಕ್ಕೆ ಎದುರಾದ ನಿದರ್ಶನ ನಮ್ಮ ಕೃಷ್ಣೆಯ ಮೇಲ್ಭಾಗದಲ್ಲಿದೆ. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಳ್ಳುವ ಕೃಷ್ಣೆಗೆ, ದೂರದ ಸಾತಾರಾ ಬಳಿ ವೆಣ್ಣಾ ಎಂಬ ಉಪನದಿ ಸೇರುತ್ತದೆ. ಲಿಮ್ನೊಕ್ನಿಡ ಎಂಬ ಸಿಹಿನೀರಿನ ಜೆಲ್ಲಿಮೀನು ಆಫ್ರಿಕದಲ್ಲಿ ಮಾತ್ರ ಇದೆಯೆಂದು ಆಗ ತಿಳಿದಿದ್ದರು. ಶಂಕರ ಪುರುಷೋತ್ತಮ ಆಘಾರ್ಕರ್ ಅವರು ಸಾತಾರಾ ಸೀಮೆಯ ಹೊಳೆಗಳಲ್ಲಿ ಅದನ್ನು ಕಂಡರು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ನೆಲ್ಸನ್ ಆನಂಡೇಲ್ 1911ರಲ್ಲಿ ಅದಕ್ಕೆ ‘ಲಿಮ್ನೊಕ್ನಿಡ ಇಂಡಿಕ’ ಎಂದು ಹೆಸರಿಟ್ಟರು. ಪುಸ್ತಕದಲ್ಲಿಲ್ಲ ಎಂದು ಆಘಾರ್ಕರ್ ಕಣ್ಣು ತಿರುಗಿಸಲಿಲ್ಲ.

ನಿಮ್ಮ ರೆಕಾರ್ಡ್ ಪುಸ್ತಕದಲ್ಲಿಯೂ ಒಂದು ಚಿತ್ರ ಬರೆಯುವುದಿದೆಯಲ್ಲವೆ? ಗೆಳೆಯನ ಪುಸ್ತಕ ಎದುರಿಗಿಟ್ಟುಕೊಳ್ಳುವ ಮೊದಲು ಮಾದರಿಯನ್ನು ಎಣಿಸಿ ನೋಡಿ. ಐದು ಕಂಡರೆ ಐದನ್ನೇ ಬರೆಯಿರಿ. ಖಣದಲ್ಲಿ ಬುಟ್ಟಾ ತಪ್ಪಿದರೆ ಅದು ದೋಷ. ವಿಜ್ಞಾನದಲ್ಲಿ ತಪ್ಪಿದ ಬುಟ್ಟಾವೇ ಕೆಲವೊಮ್ಮೆ ಹೊಸ ಸುದ್ದಿ.