ಮೊಟ್ಟೆ ಕೋಳಿ ಸಾಕಾಣಿಕೆ: ಬೆಳಗಾವಿ–ಖಾನಾಪುರ ಭಾಗದ ಮಾರುಕಟ್ಟೆ ಮತ್ತು ಆದಾಯದ ಲೆಕ್ಕಾಚಾರ

ಮೊಟ್ಟೆಯ ದರ ಏರಿದ ತಿಂಗಳುಗಳಲ್ಲಿ ಹೊಸ ಶೆಡ್ ಕಟ್ಟಲು ಸಾಲ ಮಾಡುವ ರೈತರ ಸಂಖ್ಯೆಯೂ ಏರುತ್ತದೆ. ಆದರೆ ಒಂದು ದಿನದ ಮರಿಯು ಮೊಟ್ಟೆ ಇಡಲಾರಂಭಿಸಲು ಸುಮಾರು 19–20 ವಾರಗಳು ಬೇಕು. ಡಿಸೆಂಬರ್ ತಿಂಗಳ ದರ ನೋಡಿ ನಿರ್ಧರಿಸಿ, ಮೂರು ತಿಂಗಳಲ್ಲಿ ಶೆಡ್ ಮುಗಿಸಿ ಮರಿ ತಂದರೆ, ಮೊದಲ ಮೊಟ್ಟೆ ಕೈಗೆ ಬರುವುದು ಬೇಡಿಕೆ ಕುಗ್ಗುವ ಶ್ರಾವಣ ಮಾಸದಲ್ಲಿ. ಆದ್ದರಿಂದ ಇಂದಿನ ಮೊಟ್ಟೆಯ ದರವನ್ನಷ್ಟೇ ನೋಡದೆ, ಒಂದು ಮೊಟ್ಟೆಗೆ ತಗಲುವ ಆಹಾರದ ವೆಚ್ಚವನ್ನು ಆಧಾರವಾಗಿಟ್ಟುಕೊಂಡು ನಿರ್ಧಾರ ಕೈಗೊಳ್ಳುವುದು ಸೂಕ್ತ.

ದರ ನಿಗದಿಯ ವ್ಯವಸ್ಥೆ

1982ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯು (ಎನ್‌ಇಸಿಸಿ) ದೇಶದ ವಿವಿಧ ವಲಯಗಳಿಗೆ 100 ಮೊಟ್ಟೆಗಳ ಲೆಕ್ಕದಲ್ಲಿ ಸೂಚಿತ ದರ ಪ್ರಕಟಿಸುತ್ತದೆ. ಕರ್ನಾಟಕದಲ್ಲಿ ಹೊಸಪೇಟೆ, ಬೆಂಗಳೂರು ಮತ್ತು ಮೈಸೂರು ಪ್ರಮುಖ ವಲಯಗಳು. ಬೆಳಗಾವಿಯು ಹೊಸಪೇಟೆ ಮತ್ತು ಪುಣೆ ವಲಯಗಳ ನಡುವೆ ಇರುವುದರಿಂದ ಎರಡೂ ದರಗಳನ್ನು ಗಮನಿಸಬೇಕು. ಇದು ಸೂಚಿತ ದರವಷ್ಟೇ. ವ್ಯಾಪಾರಿಯು ಸಾಗಾಣಿಕೆ, ಒಡಕು ಮತ್ತು ಗಾತ್ರದ ನೆಪದಲ್ಲಿ ಕಡಿತ ಮಾಡಬಹುದು. ಕೈಗೆ ಬಂದ ನಿವ್ವಳ ದರವನ್ನೇ ಪುಸ್ತಕದಲ್ಲಿ ಬರೆದಿಡಿ.

ಒಂದು ಮೊಟ್ಟೆಯ ವೆಚ್ಚ

ಒಟ್ಟು ಉತ್ಪಾದನಾ ವೆಚ್ಚದಲ್ಲಿ ಸುಮಾರು ಮೂರನೇ ಎರಡು ಭಾಗ ಅಥವಾ ಅದಕ್ಕೂ ಹೆಚ್ಚು ಪಾಲು ಆಹಾರದ್ದು. ಮೊಟ್ಟೆ ಇಡುವ ಕೋಳಿಯೊಂದು ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ. ಕೆಳಗಿನ ಲೆಕ್ಕ ಉದಾಹರಣೆಗಾಗಿ ಮಾತ್ರ. ನಿಮ್ಮ ಅಂಕಿಗಳನ್ನು ಹಾಕಿ ನೋಡಿ.

• ಆಹಾರ (ಕೆ.ಜಿ.ಗೆ ರೂ. 28, ಮೊಟ್ಟೆ ಇಡುವ ಪ್ರಮಾಣ ಶೇ. 80): ರೂ. 3.85
• ಕೋಳಿ ಬೆಳೆಸಿದ ವೆಚ್ಚ (ರೂ. 330ರಲ್ಲಿ ಕೊನೆಗೆ ಮಾರಿದ ರೂ. 90 ಕಳೆದು, 330 ಮೊಟ್ಟೆಗಳಿಗೆ ಹಂಚಿದಾಗ): ರೂ. 0.73
• ಕೂಲಿ, ವಿದ್ಯುತ್, ಲಸಿಕೆ, ಟ್ರೇ: ರೂ. 0.35
• ಬಡ್ಡಿ ಮತ್ತು ಶೆಡ್ಡಿನ ಸವಕಳಿ: ರೂ. 0.30
• ಒಟ್ಟು: ರೂ. 5.23

ಆಹಾರದ ದರ ಕೆ.ಜಿ.ಗೆ ಒಂದು ರೂಪಾಯಿ ಏರಿದರೆ ಮೊಟ್ಟೆಯ ವೆಚ್ಚ ಸುಮಾರು 14 ಪೈಸೆ ಏರುತ್ತದೆ. ಸಾವಿರ ಕೋಳಿಗಳ ಘಟಕಕ್ಕೆ ಇದು ದಿನಕ್ಕೆ ರೂ. 110ರಷ್ಟು ಹೊರೆ. ಮೊಟ್ಟೆ ಇಡುವ ಪ್ರಮಾಣ ಶೇ. 70ಕ್ಕೆ ಕುಸಿದರೆ ಆಹಾರದ ವೆಚ್ಚವೇ ರೂ. 4.40 ಆಗುತ್ತದೆ. ಇಂತಹ ಹಳೆಯ ಕೋಳಿಗಳನ್ನು ದರ ಏರುವ ಆಸೆಯಿಂದ ಉಳಿಸಿಕೊಳ್ಳುವುದು ನಷ್ಟಕ್ಕೆ ದಾರಿ.

ಗೋವಿನಜೋಳ ಮತ್ತು ಸೋಯಾಬೀನ್

ಆಹಾರದ ಅರ್ಧಕ್ಕಿಂತ ಹೆಚ್ಚು ಭಾಗ ಸಾಮಾನ್ಯವಾಗಿ ಗೋವಿನಜೋಳ. ಪ್ರೋಟೀನಿಗೆ ಸೋಯಾ ಹಿಂಡಿ ಮುಖ್ಯ. ಎಥೆನಾಲ್ ತಯಾರಿಕೆಗೆ ಗೋವಿನಜೋಳದ ಬಳಕೆ ಹೆಚ್ಚಿದ ಕಾರಣ 2024ರಲ್ಲಿ ಕೋಳಿ ಸಾಕಾಣಿಕೆದಾರರು ದುಬಾರಿ ಕಾಳು ಕೊಳ್ಳಬೇಕಾಯಿತು. 2025ರ ಕಟಾವಿನ ವೇಳೆಗೆ ಪರಿಸ್ಥಿತಿ ತಿರುಗಿ, ಕ್ವಿಂಟಲ್‌ಗೆ ರೂ. 2,400 ಬೆಂಬಲ ಬೆಲೆಗಿಂತ ಕೆಳಗೆ ದರ ಇಳಿದು, ಉತ್ತರ ಕರ್ನಾಟಕದ ಬೆಳೆಗಾರರು ಹೋರಾಟಕ್ಕಿಳಿದರು. ಬೆಳೆಗಾರನ ಸಂಕಷ್ಟ ಮತ್ತು ಸಾಕಾಣಿಕೆದಾರನ ಲಾಭ ಒಂದೇ ಕಾಳಿನಲ್ಲಿ ಅಡಗಿವೆ. ಬೆಳಗಾವಿ ಜಿಲ್ಲೆಯಲ್ಲಿ ಎರಡೂ ಬೆಳೆಗಳಿರುವುದರಿಂದ ಸಾಕಾಣಿಕೆದಾರರು ಅಕ್ಟೋಬರ್–ಡಿಸೆಂಬರ್ ಅವಧಿಯಲ್ಲಿ ರೈತ ಉತ್ಪಾದಕ ಸಂಸ್ಥೆಗಳ ಮೂಲಕ ನೇರವಾಗಿ ಖರೀದಿಸಿದರೆ ಇಬ್ಬರಿಗೂ ಅನುಕೂಲ.

ಖಾನಾಪುರದ ಆರ್ದ್ರ ಹವೆಯಲ್ಲಿ ಕಾಳಿನ ತೇವಾಂಶ ಶೇ. 12ಕ್ಕಿಂತ ಕಡಿಮೆ ಇರಲಿ. ಚೀಲಗಳನ್ನು ಮರದ ಹಲಗೆಗಳ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ. ಬೂಷ್ಟು ಹಿಡಿದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ವಿಷ ಉಂಟಾಗಿ ಮೊಟ್ಟೆಯ ಇಳುವರಿ ಕುಸಿಯುತ್ತದೆ. ಅಗ್ಗವೆಂದು ಅದನ್ನು ಕೊಳ್ಳಬಾರದು.

ಬೇಡಿಕೆಯ ಏರಿಳಿತ

2023–24ರಲ್ಲಿ ದೇಶದ ಮೊಟ್ಟೆ ಉತ್ಪಾದನೆ 14,277 ಕೋಟಿ. ತಲಾ ಲಭ್ಯತೆ ವರ್ಷಕ್ಕೆ 103. ಬೇಡಿಕೆ ಬೆಳೆಯುತ್ತಿದೆಯಾದರೂ ವರ್ಷವಿಡೀ ಒಂದೇ ಸಮನಿಲ್ಲ. ಚಳಿಗಾಲದಲ್ಲಿ ದರ ಸಾಮಾನ್ಯವಾಗಿ ಏರುತ್ತದೆ. ಬೇಸಿಗೆ, ಶ್ರಾವಣ ಮತ್ತು ನವರಾತ್ರಿಯಲ್ಲಿ ಇಳಿಯುತ್ತದೆ. ಬೆಳಗಾವಿಯ ಮೊಟ್ಟೆಗೆ ಗೋವಾ ಮುಖ್ಯ ಮಾರುಕಟ್ಟೆ. ಕ್ರಿಸ್‌ಮಸ್ ಮತ್ತು ಪ್ರವಾಸಿ ಋತುವಿನಲ್ಲಿ ಅಲ್ಲಿ ಬೇಡಿಕೆ ಹೆಚ್ಚು. ರಾಜ್ಯದ ಶಾಲೆಗಳಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ 2024ರ ಸೆಪ್ಟೆಂಬರ್‌ನಿಂದ ವಾರಕ್ಕೆ ಆರು ದಿನ ಮೊಟ್ಟೆ ನೀಡುವ ಕಾರ್ಯಕ್ರಮವೂ ಬೇಡಿಕೆಗೆ ಆಸರೆಯಾಗಿದೆ. ಶಾಲಾ ರಜೆಗಳಲ್ಲಿ ಅದು ನಿಲ್ಲುತ್ತದೆ ಎಂಬುದು ನೆನಪಿರಲಿ.

ಮೇ ಮೊದಲ ವಾರ ಮರಿ ತಂದರೆ ಎಳೆಯ ಮರಿಗಳ ಬಿಸಿ ಆರೈಕೆ ಮಳೆಗಾಲಕ್ಕೆ ಮೊದಲೇ ಮುಗಿಯುತ್ತದೆ. ಸೆಪ್ಟೆಂಬರ್ ಕೊನೆಗೆ ಮೊಟ್ಟೆ ಆರಂಭವಾಗಿ, ಗರಿಷ್ಠ ಇಳುವರಿ ನವೆಂಬರ್‌ಗೆ ಸಿಗುತ್ತದೆ. ಒಂದು ತಂಡ ಸುಮಾರು 14 ತಿಂಗಳು ಮೊಟ್ಟೆ ಇಡುವುದರಿಂದ ಇಳಿಕೆಯ ಋತುವನ್ನೂ ದಾಟಲೇಬೇಕು. ಆದ್ದರಿಂದ ಕನಿಷ್ಠ ಎರಡು ತಿಂಗಳ ಆಹಾರದ ಹಣವನ್ನು ಮೀಸಲಿಡಿ.

ರೋಗದ ಅಪಾಯ

2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ, 2025ರ ಆರಂಭದಲ್ಲಿ ನಮ್ಮ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿ ಜ್ವರ ಕಾಣಿಸಿಕೊಂಡಿತು. ಇಂತಹ ಸಮಯದಲ್ಲಿ ರೋಗವಿಲ್ಲದ ಊರುಗಳಲ್ಲೂ ಮಾರಾಟ ಕುಗ್ಗಬಹುದು, ಅಂತರರಾಜ್ಯ ಸಾಗಾಣಿಕೆಗೆ ತಡೆ ಬರಬಹುದು. ಗೋವಾ ಒಂದನ್ನೇ ನೆಚ್ಚಿದವರಿಗೆ ಅಪಾಯ ಹೆಚ್ಚು. ಹೊರಗಿನವರ ಪ್ರವೇಶ ನಿಯಂತ್ರಿಸಿ, ಹಳೆಯ ಟ್ರೇಗಳನ್ನು ಸೋಂಕುರಹಿತಗೊಳಿಸಿಯೇ ಒಳತನ್ನಿ. ಅಸಹಜ ಸಾವು ಕಂಡರೆ ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ.

ಖಾನಾಪುರದ ಸಣ್ಣ ರೈತರಿಗೆ ಸಲಹೆ

ಐನೂರು–ಸಾವಿರ ಕೋಳಿಗಳ ಪಂಜರ ಘಟಕವು ಬಿಳಿ ಮೊಟ್ಟೆಯ ದರದಲ್ಲಿ ಲಕ್ಷಗಟ್ಟಲೆ ಕೋಳಿಗಳ ಫಾರಂಗಳೊಡನೆ ಸ್ಪರ್ಧಿಸುವುದು ಕಷ್ಟ. ಅಂಥವರು 50–100 ಗಿರಿರಾಜ ಅಥವಾ ಸ್ವರ್ಣಧಾರಾ ಕೋಳಿಗಳನ್ನು ಹಿತ್ತಲಲ್ಲಿ ಸಾಕಿ, ಬೆಳಗಾವಿ ನಗರದ ಗ್ರಾಹಕರಿಗೆ ಹಾಗೂ ಜಾಂಬೋಟಿ–ಕಣಕುಂಬಿ ರಸ್ತೆಯ ಊಟದ ಹೋಟೆಲ್‌ಗಳಿಗೆ ನೇರವಾಗಿ ಮಾರುವುದು ಲೇಸು. ಇಲ್ಲಿ ಮೊಟ್ಟೆಗಳ ಸಂಖ್ಯೆ ಕಡಿಮೆ. ಆದರೆ ದರವನ್ನು ನೀವೇ ಹೇಳಬಹುದು, ಹೂಡಿಕೆಯೂ ಅಲ್ಪ. ರಾಷ್ಟ್ರೀಯ ಜಾನುವಾರು ಮಿಷನ್‌ನ ಕೋಳಿ ಉದ್ಯಮಶೀಲತಾ ಯೋಜನೆಯ ಶೇ. 50 ಸಹಾಯಧನವು (ಗರಿಷ್ಠ ರೂ. 25 ಲಕ್ಷ) ಗ್ರಾಮೀಣ ತಳಿಗಳ ಪೋಷಕ ಕೋಳಿ ಮತ್ತು ಮರಿ ಉತ್ಪಾದನಾ ಘಟಕಗಳಿಗೆ ಮೀಸಲು, ಪಂಜರದ ಮೊಟ್ಟೆ ಫಾರಂಗೆ ಸಿಗುತ್ತದೆಂದು ಭಾವಿಸಿ ಸಾಲ ಮಾಡಬೇಡಿ.

ಶೆಡ್ಡಿಗೆ ಕೈಹಾಕುವ ಮುನ್ನ ಮೇಲಿನ ಲೆಕ್ಕವನ್ನು ವರ್ಷದ ಅತಿ ಕಡಿಮೆ ಮೊಟ್ಟೆ ದರ ಮತ್ತು ಅತಿ ಹೆಚ್ಚು ಆಹಾರ ದರ ಹಾಕಿ ಇನ್ನೊಮ್ಮೆ ಮಾಡಿ. ಆ ನಷ್ಟವನ್ನು ಮೂರು ತಿಂಗಳು ತಾಳುವ ಶಕ್ತಿ ಇದ್ದರೆ ಮಾತ್ರ ಮುಂದುವರಿಯಿರಿ. ಹೆಚ್ಚಿನ ಮಾಹಿತಿಗೆ ಮತ್ತಿಕೊಪ್ಪ ಅಥವಾ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಇಲ್ಲವೇ ತಾಲ್ಲೂಕಿನ ಪಶುಪಾಲನಾ ಇಲಾಖೆಯನ್ನು ಸಂಪರ್ಕಿಸಬಹುದು.